ಆರನೆಯ ಮರಿ

ಹೋಬಾರ್ಟ್ ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಬಂದಾಗ ವರ್ನಾ ಮುಂಬಾಗಿಲಿನ ಕೆಳಮೆಟ್ಟಿಲ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಮೆಟ್ಟಿಲ ಪಕ್ಕದಲ್ಲೇ, ಮನೆಯ ನೆಲದ ಕೆಳಕ್ಕೆ ಹೋಗುವ ಸ್ಕಂಕಿನ ಬಿಲ; ಬೆದರಿದರೆ ನಾತ ಚಿಮ್ಮಿಸುವ, ಬೆಕ್ಕಿನಷ್ಟು ಪ್ರಾಣಿ ಅದು.

"ಏಳಮ್ಮ," ಎಂದ ಹಲಗೆಯನ್ನು ಗೋಡೆಗೆ ಒರಗಿಸಿ, ಮೊಳೆಗಳನ್ನು ಅಂಗೈಗೆ ಉಗುಳಿ. "ಸ್ಕಂಕುಗಳು ಜಾಗ ಖಾಲಿ ಮಾಡಿದ್ವಂತೆ. ಬಿಲ ಮುಚ್ಚಿಬಿಡ್ತೀನಿ."

"ಖಾಲಿ ಆಗಿಲ್ಲ. ತಾಯಿ ಐದು ಮರಿ ಕಚ್ಕೊಂಡು ಹೋಗಿದ್ದಾಳೆ. ಇನ್ನೊಂದು ಒಳಗೇ ಇದೆ."

"ಯಾರು ಎಣಿಸಿದ್ದು?"

"ಜೋಸಿ. ಅಡಿಗೆಮನೆ ನೆಲದಲ್ಲಿ ಹಲಗೆಯ ಗಂಟು ಉದುರಿದ ತೂತಿದೆಯಲ್ಲ, ಅದರಿಂದ."

ಹೋಬಾರ್ಟ್ ಹೊಟ್ಟೆ ಕುಣಿಸಿ ನಕ್ಕ. "ಒಂದನೇ ಕ್ಲಾಸಿನ ಮಗು ಲೆಕ್ಕ ಹಾಕ್ತಂತೆ, ಅದನ್ನ ನಂಬ್ಕೊಂಡು ಇವಳು ಕಾವಲು ಕೂತಿದ್ದಾಳಂತೆ!"

ಕಲ್ಲಿನ ಗಿಡ್ಡ ಕಂಬಗಳ ಮೇಲೆ ನಿಂತ ಆ ಮರದ ಮನೆ ಹೋಬಾರ್ಟನದು, ಮಗಳು ಜೋಸಿಯೊಂದಿಗೆ ಬಾಡಿಗೆಗಿದ್ದವಳು ವರ್ನಾ. ಕೆಂಟಕಿಯ ಬೆಟ್ಟದ ಮಗ್ಗುಲಲ್ಲಿ ಹುಟ್ಟಿ ಬೆಳೆದವನಾದರೂ, ಸ್ಕಂಕಿನ ಸ್ವಭಾವ ಗೊತ್ತಿಲ್ಲದವನ ಹಾಗೆ ಹೋದ ಮಂಗಳವಾರ ಅವಳು ಕೆಲಸಕ್ಕೆ ಹೋಗಿದ್ದಾಗ ಮಟಮಟ ಮಧ್ಯಾಹ್ನ ಬಂದು ಇದೇ ಬಿಲಕ್ಕೆ ಹಲಗೆ ಜಡಿದಿದ್ದ. ಹಗಲೆಲ್ಲ ನಿದ್ದೆ ಹೊಡೆಯುವ ಪ್ರಾಣಿ ಒಳಗೇ ಇತ್ತು. ಸಿಕ್ಕಿಬಿದ್ದ ತಾಯಿ ಬಾಲವೆತ್ತಿ ಚಿಮ್ಮಿಸಿದ ನಾತ ನೆಲದ ಸಂದುಗಳಿಂದ ಮೇಲೇರಿ ಹಾಸಿಗೆಗೆ, ಬಟ್ಟೆಗೆ, ಶಾಲೆಯಿಂದ ಬಂದು ಒಳಗೆ ಕಾಲಿಟ್ಟ ಜೋಸಿಯ ಕೂದಲಿಗೆ ಅಂಟಿಕೊಂಡಿತು. ವರ್ನಾ ಬಂದವಳೇ ಹಲಗೆಯನ್ನು ಕಿತ್ತೆಸೆದಳು. ಊರವರೆಲ್ಲ ಮಾಡುವ ಹಾಗೆ ಮಗುವಿನ ತಲೆಗೆ ನಾಲ್ಕು ಡಬ್ಬಿ ಟೊಮೆಟೊ ರಸ ಸುರಿದು ತಿಕ್ಕಿದಳು. ಮಗು ಸಾರಿನಲ್ಲಿ ಬಿದ್ದ ಸ್ಕಂಕಿನ ಹಾಗೆ ನಾರಿತು, ಅಷ್ಟೆ. ಮರುದಿನ ಶಾಲೆಯವರು ಬಾಗಿಲಲ್ಲೇ ತಡೆದು, ವಾಸನೆ ಹೋದ ಮೇಲೆ ಕಳಿಸಿ ಎಂದರು. ಹೋಬಾರ್ಟ್ ಇನ್ನೂ ಚುಟುಕಾಗಿ ಹೇಳಿದ: "ಶನಿವಾರದೊಳಗೆ ಸ್ಕಂಕು ಹೋಗ್ಬೇಕು. ಇಲ್ಲಾಂದ್ರೆ ನೀನು."

ಇಂದು ಶನಿವಾರ. ಬೆಳಗ್ಗೆಯೇ ವರ್ನಾ ವಿನೆಗರಿನಲ್ಲಿ ಅದ್ದಿದ ಹಳೇ ಬಟ್ಟೆಗಳನ್ನು ಕೋಲಿನಿಂದ ಬಿಲದೊಳಕ್ಕೆ ತಳ್ಳಿದ್ದಳು. ಅಡಿಗೆಮನೆಯ ನೆಲದ ಮೇಲೆ ರೇಡಿಯೊವನ್ನು ಬೋರಲು ಮಲಗಿಸಿ ಜೋರಾಗಿ ಹಾಕಿದ್ದಳು. ಬಿಲದ ಮುಂದೆ ಮೈದಾ ಹಿಟ್ಟನ್ನು ಜರಡಿ ಹಿಡಿದು ಹರಡಿದ್ದಳು, ಹೋದ ಬಂದ ಹೆಜ್ಜೆ ತಿಳಿಯಲೆಂದು. ಘಾಟು, ಗದ್ದಲ ಎರಡನ್ನೂ ತಾಳದೆ ತಾಯಿ ಬೆಳಕಿರುವಾಗಲೇ ಹೊರಬಿದ್ದು, ಒಂದೊಂದೇ ಮರಿಯ ಕುತ್ತಿಗೆ ಕಚ್ಚಿ ಹಳ್ಳದಾಚೆಯ ಪೊದೆಗೆ ಸಾಗಿಸತೊಡಗಿತ್ತು. ಐದು ಸಲ ಹೋಯಿತು. ಆಮೇಲೆ ಅರ್ಧ ಗಂಟೆಯಾದರೂ ಸುಳಿವಿಲ್ಲ.

"ಬರೋಳಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ಲು," ಎಂದ ಹೋಬಾರ್ಟ್.

"ಐದು ಸಲ ಹೊತ್ತು ತಿರುಗಿದವಳಿಗೆ ಸುಸ್ತಾಗಲ್ವಾ? ನೀವು ಒಂದು ಹಲಗೆ ತರೋದ್ರೊಳಗೆ ಎರಡು ಸಲ ಬೆವರು ಒರೆಸ್ಕೊಂಡ್ರಿ."

"ಮಾತು ಸಾಕು. ಏಳ್ತೀಯೋ, ಇವತ್ತೇ ಗಂಟುಮೂಟೆ ಕಟ್ತೀಯೋ?"

ವರ್ನಾ ಬೀನ್ಸ್ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. ನಿಧಾನವಾಗಿ ಎರಡೂ ಕಾಲು ಚಾಚಿ ಬಿಲದ ಬಾಯಿಗೆ ಅಡ್ಡ ಇಟ್ಟಳು. "ಎರಡೂ ಇಲ್ಲ. ಮೊಳೆ ಹೊಡೀಲೇಬೇಕು ಅಂದ್ರೆ ನನ್ನ ಕಾಲಿನ ಮೇಲೆ ಹೊಡೀರಿ."

ಕಿಟಕಿಯ ಸೊಳ್ಳೆಪರದೆಗೆ ಮೂಗು ಒತ್ತಿಕೊಂಡಿದ್ದ ಜೋಸಿ ಹೇಳಿದಳು, "ಅಮ್ಮಾ, ಆರೇ. ಒಂದರ ಬಾಲ ಪೂರ್ತಿ ಬಿಳಿ. ಅದಿನ್ನೂ ಬಂದಿಲ್ಲ." ಆಮೇಲೆ ದನಿ ತಗ್ಗಿಸಿ ಸೇರಿಸಿದಳು, "ತಾತಾ, ಹಿಂದೆ ನೋಡು."

ಹೋಬಾರ್ಟ್ ತಿರುಗಿದ. ಮೂರು ಮಾರು ದೂರದಲ್ಲಿ, ಬೆನ್ನ ಮೇಲೆ ಎರಡು ಬಿಳಿ ಪಟ್ಟೆ ಹೊತ್ತ ತಾಯಿ ನಿಂತಿತ್ತು. ಮುಂಗಾಲೆರಡನ್ನೂ ನೆಲಕ್ಕೆ ಟಪಟಪ ಕುಟ್ಟಿತು. ಬಾಲ ಮೆಲ್ಲಗೆ ಮೇಲೇರಿತು.

"ಅಲ್ಲಾಡಬೇಡಿ," ಎಂದಳು ವರ್ನಾ, ತೊಟ್ಟಿಲ ಪಕ್ಕ ಮಾತಾಡುವ ದನಿಯಲ್ಲಿ. "ಕಾಲು ಕುಟ್ಟಿದ್ದೇ ಅವಳ ಮಾತು. ಇನ್ನೊಂದು ಸಲ ಹೇಳೋಳಲ್ಲ."

"ಈಗ... ಈಗೇನ್ ಮಾಡ್ಲಿ?"

"ಆಗಿಂದ ಹೇಳ್ತಿಲ್ವಾ? ಕಾಯಿರಿ."

ಅವಳು ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡಳು. ತಾಯಿ ಹೋಬಾರ್ಟನ ಬೂಟನ್ನು ಬಳಸಿ, ವರ್ನಾಳ ಲಂಗದ ಅಂಚನ್ನು ಸವರಿಕೊಂಡು ಬಿಲದೊಳಗೆ ನುಗ್ಗಿತು. ಸುತ್ತಿಗೆ ಹಿಡಿದ ಕೈ ಎತ್ತಿದ್ದು ಎತ್ತಿದ ಹಾಗೇ ಹೋಬಾರ್ಟ್ ಉಸಿರು ಬಿಗಿಹಿಡಿದು ನಿಂತಿದ್ದ. ಮೈದಾ ಹಿಟ್ಟು ತುಳಿಯುತ್ತ ತಾಯಿ ಹೊರಬಂದಾಗ ಅದರ ಬಾಯಲ್ಲಿ, ಇನ್ನೂ ಕಣ್ಣು ಬಿಡದ, ಅಂಗೈಯಗಲದ ಮರಿ ಜೋಲುತ್ತಿತ್ತು. ಬಾಲ ಪೂರ್ತಿ ಬಿಳಿ.

"ಆರು," ಎಂದಳು ಜೋಸಿ.

ತಾಯಿ ಹಳ್ಳ ದಾಟುವವರೆಗೂ ವರ್ನಾ ನೋಡುತ್ತಿದ್ದಳು. ಆಮೇಲೆ ಎದ್ದು ಹೋಬಾರ್ಟನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು, ಮೊಳೆಗಳನ್ನೂ. ಮಂಡಿಯೂರಿ ಹಲಗೆಯನ್ನು ತಾನೇ ಬಿಲಕ್ಕೆ ಜೋಡಿಸಿದಳು. ಗಂಟುಮೂಟೆಯ ಸುದ್ದಿ ಅವನ ಬಾಯಿಂದ ಮತ್ತೆ ಬರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಕೇಳಿದ, "ಮಗೂನ ಸೋಮವಾರ ಹೀಗೇ ಶಾಲೆಗೆ ಕಳಿಸ್ತೀಯಾ? ಇನ್ನೂ ನಾರ್ತಾಳಲ್ಲ?"

ಈಗ ಮೊಳೆಗಳು ವರ್ನಾಳ ಬಾಯಲ್ಲಿದ್ದವು. ಒಂದನ್ನು ತೆಗೆದು ಹಲಗೆಗೆ ಹಿಡಿದು, ಒಂದೇ ಏಟಿಗೆ ಅರ್ಧ ಇಳಿಸಿದಳು.

"ಕಳಿಸ್ತೀನಿ. ಮುಂದಿನ ಬೆಂಚಲ್ಲೇ ಕೂರ್ಸಿ ಬರ್ತೀನಿ."