ಜೀವ ಹೋದ ಹಾಗೆ

"ಈಗ ಕೊಡೋ ಇಂಜೆಕ್ಷನ್‌ಗೆ ಕೆಲವು ಸೆಕೆಂಡು ಜೀವ ಹೋದ ಹಾಗೆ ಆಗುತ್ತೆ. ಆದರೆ ಹೋಗಲ್ಲ. ಹೆದರ್ಕೋಬೇಡಿ," ಎಂದರು ಡಾಕ್ಟರಮ್ಮ.

ಎಮರ್ಜೆನ್ಸಿ ವಾರ್ಡಿನ ಮಂಚದ ಮೇಲೆ ಮಲಗಿದ್ದವಳು ಸುಮ್ಮನೆ ತಲೆಯಾಡಿಸಿದಳು. ಬೇರೆ ದಿನವಾಗಿದ್ದರೆ ಪಕ್ಕದಲ್ಲಿ ನಿಂತಿದ್ದ ಗಂಡನಿಗೆ ನಗು ಬರುತ್ತಿತ್ತು. ಜೀವ ಹೋಗುವುದು ಅವನ ಹೆಂಡತಿಗೆ ಹೊಸದೇನಲ್ಲ. ಮೆಟ್ಟಿಲು ಹತ್ತಿದರೆ ಜೀವ ಹೋಯಿತು, ಈರುಳ್ಳಿ ಹೆಚ್ಚಿದರೆ ಜೀವ ಹೋಯಿತು, ಕಾಲ್ಬೆರಳು ಕುರ್ಚಿಗೆ ತಾಗಿದರಂತೂ ಹೋದ ಜೀವ ಸಂಜೆಯವರೆಗೆ ವಾಪಸ್ಸು ಬರುತ್ತಿರಲಿಲ್ಲ. ನಿನ್ನದು ಜೀವವೋ ಸಿಟಿ ಬಸ್ಸೋ, ದಿನಕ್ಕೆ ಹತ್ತು ಟ್ರಿಪ್ಪು ಹೋಗಿಬರುತ್ತೆ ಎಂದು ಅವನು ರೇಗಿಸುವುದು, ಅವಳು ಮೂತಿ ತಿರುಗಿಸುವುದು ಮದುವೆಯಾದಂದಿನಿಂದ ನಡೆದುಬಂದ ಪದ್ಧತಿ.

ಇವತ್ತು ಬೆಳಿಗ್ಗೆ ಮಾತ್ರ ಅವಳು ಹಾಗೆನ್ನಲಿಲ್ಲ. ಬಟ್ಟೆ ಮಡಚುತ್ತಿದ್ದವಳು ಅರ್ಧಕ್ಕೇ ಬಿಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಏನಾಯಿತೆಂದು ಕೇಳಿದರೆ, ಏನಿಲ್ಲ, ಸ್ವಲ್ಪ ಸುಸ್ತು ಅಂದಳು. ಆ 'ಏನಿಲ್ಲ'ವೇ ಅವನನ್ನು ಹೆದರಿಸಿತು. ಮಣಿಕಟ್ಟು ಹಿಡಿದು ನೋಡಿದ. ನಾಡಿ ಎಣಿಕೆಗೆ ಸಿಗದೆ ಓಡುತ್ತಿತ್ತು. ರಾತ್ರಿ ಕೆಲಸ ಮುಗಿಸಿ ಆಗತಾನೇ ಬಂದು ಇನ್ನೂ ಕೆಲಸದ ಬಟ್ಟೆಯಲ್ಲಿದ್ದವನು ಹಾಗೇ ಅವಳನ್ನು ಎಬ್ಬಿಸಿಕೊಂಡು ಟ್ಯಾಕ್ಸಿ ಹತ್ತಿದ್ದ. ದಾರಿಯುದ್ದಕ್ಕೂ, ಇವಳು ಒಂದೇ ಒಂದು ಸಲ 'ಜೀವ ಹೋಯ್ತು' ಅಂದುಬಿಟ್ಟರೆ ಸಾಕಪ್ಪಾ ಎಂದು ಕಾದ. ಅವಳು ಅನ್ನಲಿಲ್ಲ.

ಡಾಕ್ಟರಮ್ಮ ಮೊದಲು ಔಷಧಿಯಿಲ್ಲದೇ ಪ್ರಯತ್ನಿಸಿದ್ದರು. ಖಾಲಿ ಸಿರಿಂಜಿನ ತುದಿ ಬಾಯಿಗೆ ಕೊಟ್ಟು ಜೋರಾಗಿ ಊದಿಸಿದರು, ಮಲಗಿಸಿ ಎರಡೂ ಕಾಲು ಮೇಲೆತ್ತಿಸಿದರು. ಹೃದಯ ಯಾರ ಮಾತೂ ಕೇಳಲಿಲ್ಲ. ಬಡಿತ ತೋರಿಸುವ ಯಂತ್ರದ ಪರದೆಯ ಮೇಲಿನ ಹಸಿರು ಗೆರೆ ಉಸಿರು ಬಿಡದೆ ಏರಿಳಿಯುತ್ತಲೇ ಇತ್ತು. ಹೃದಯ ಬಡಿಯಬೇಕಾದರೆ ಮೇಲಿನಿಂದ ಕೆಳಕ್ಕೆ ಒಂದು ಕರೆಂಟು ಇಳಿಯಬೇಕು, ಇವರದು ಇಳಿಯುವ ಬದಲು ಸುತ್ತು ಹೊಡೆಯುತ್ತಾ ಕೂತಿದೆ. ಈ ಔಷಧಿ ನಡುದಾರಿಯನ್ನು ಕ್ಷಣಹೊತ್ತು ಮುಚ್ಚುತ್ತದೆ, ಸುತ್ತು ಕಡಿಯುತ್ತದೆ, ಅಷ್ಟರಲ್ಲಿ ಔಷಧಿಯ ಆಯುಸ್ಸೂ ಮುಗಿಯುತ್ತದೆ, ಹೃದಯ ತಾನಾಗಿ ಸರಿದಾರಿಗೆ ಬರುತ್ತದೆ ಎಂದು ಬಿಡಿಸಿ ಹೇಳಿದರು.

"ಅಂದ್ರೆ, ಆಫ್ ಮಾಡಿ ಆನ್ ಮಾಡೋದು," ಎಂದ ಅವನು.

"ಹೆಚ್ಚುಕಡಿಮೆ ಹಾಗೇ. ನೀವೇನು ಕೆಲಸ ಮಾಡ್ಕೊಂಡಿದೀರಿ?"

"ಲಿಫ್ಟ್ ರಿಪೇರಿ."

ಹಾಗಾದರೆ ನಿಮಗೆ ಅರ್ಥ ಮಾಡಿಸುವುದು ಸುಲಭ ಎಂದು ಡಾಕ್ಟರಮ್ಮ ಮುಗುಳ್ನಕ್ಕರು. ಅವನಿಗೆ ಇದ್ದಬದ್ದ ಧೈರ್ಯವೂ ಹೋಯಿತು. ಆಫ್ ಮಾಡುವುದು ಯಾರ ಕೈಲಾದರೂ ಆದೀತು, ಆನ್ ಆಗುವುದು ಮಾತ್ರ ಲಿಫ್ಟಿನ ಮರ್ಜಿ. ಆಫ್ ಮಾಡಿದ ಮೇಲೆ ಮೇಲೂ ಹೋಗದೆ ಕೆಳಗೂ ಬಾರದೆ ನಡುವೆ ನಿಂತೇಬಿಟ್ಟ ಲಿಫ್ಟುಗಳನ್ನು ಅವನು ಎಷ್ಟೋ ಕಂಡಿದ್ದ. ಹೊರಗೆ ಹೋಗಿ ನಿಲ್ಲಿ ಎಂದು ಯಾರಾದರೂ ಹೇಳಬಾರದೇ ಅನ್ನಿಸಿತು. ಯಾರೂ ಹೇಳಲಿಲ್ಲ.

ನರ್ಸ್ ಮೊಣಕೈ ಒಳಭಾಗದ ದೊಡ್ಡ ನರಕ್ಕೆ ಔಷಧಿಯನ್ನು ಒಂದೇ ಏಟಿಗೆ ನೂಕಿ, ಅದರ ಬೆನ್ನಿಗೇ ಸಲೈನ್ ನೂಕಿ, ತೋಳನ್ನು ಮೇಲೆತ್ತಿ ಹಿಡಿದರು. ಹೆಂಡತಿಯ ಮುಖ ಕೆಂಪೇರಿತು. ಎದೆಯ ಮೇಲೆ ಏನೋ ಬಂದು ಕೂತಂತೆ ಬಾಯಿ ತೆರೆದಳು, ಅವನತ್ತ ನೋಡಿದಳು. ಪರದೆಯ ಗೆರೆ ನೆಟ್ಟಗೆ ಮಲಗಿತು.

ಅವನ ಕೆಲಸದಲ್ಲಿ ಒಂದು ನೇಮವಿತ್ತು. ಲಿಫ್ಟಿನೊಳಗೆ ಜನ ಸಿಕ್ಕಿಕೊಂಡಾಗ ಕೈ ಏನೇ ಮಾಡುತ್ತಿರಲಿ, ಬಾಯಿ ನಿಲ್ಲಬಾರದು. ಹೊರಗಿನ ದನಿ ನಿಂತರೆ ಒಳಗಿನವರು ಎದೆಗೆಡುತ್ತಾರೆ. ಅಷ್ಟು ವರ್ಷದ ರೂಢಿ ಈಗ ತಾನಾಗಿ ಬಾಯಿಗೆ ಬಂತು. ಹೆಂಡತಿಯ ಕಿವಿಯ ಬಳಿ ಬಗ್ಗಿ, "ಒಳಗಿರೋರು ಹೆದರ್ಬೇಡಿ. ನಾನು ಇಲ್ಲೇ ಇದೀನಿ. ಬಾಗಿಲು ತಳ್ಳೋಕೆ ಹೋಗ್ಬೇಡಿ. ಈಗ ಬರುತ್ತೆ, ಈಗ ಬಂದುಬಿಡುತ್ತೆ," ಎನ್ನತೊಡಗಿದ. ಗೆರೆ ಮಲಗೇ ಇತ್ತು. ಅವನು ಹೇಳುತ್ತಲೇ ಇದ್ದ.

ಒಂದು ಸಣ್ಣ ಏರು ಕಂಡಿತು. ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಒಂದರ ಹಿಂದೊಂದು, ಯಾವ ಅವಸರವೂ ಇಲ್ಲದೆ. ಡಾಕ್ಟರಮ್ಮ ಯಂತ್ರದಿಂದ ಕಾಗದದ ಪಟ್ಟಿ ಹರಿದು ನೋಡಿ, ಇನ್ನೇನೂ ಭಯವಿಲ್ಲ, ಸಂಜೆಯವರೆಗೆ ಇಲ್ಲೇ ಇರಲಿ ಎಂದು ಆಚೆ ಮಂಚದ ಕಡೆ ಹೋದರು. ಅವನು ಸ್ಟೂಲು ಎಳೆದುಕೊಂಡು ಕುಳಿತ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಹೆಂಡತಿ ಇತ್ತ ಮಗ್ಗುಲಾದಳು. "ಏನ್ರೀ ಅದು, ಇಷ್ಟು ವರ್ಷ ಇಲ್ಲದ್ದು ಇವತ್ತು ನನಗೆ 'ಹೋಗಿ, ಬನ್ನಿ' ಅಂತ ಬಹುವಚನದ ಮರ್ಯಾದೆ?"

ಅವನಿಗೆ ನಗಲಾಗಲಿಲ್ಲ. "ನನ್ನ ಜೀವಾನೇ ಹೋಗಿತ್ತು ಕಣೇ," ಅಂದ.

ಅವಳು ಗ್ರೀಸು ಮೆತ್ತಿದ ಅವನ ಕೈಯನ್ನು ತಡಕಿ ಹಿಡಿದುಕೊಂಡಳು.

"ನನಗಾದ್ರೆ ರೂಢಿ ಇದೆ," ಎಂದಳು. "ಪಾಪ, ನಿಮಗೆ ಇದೇ ಮೊದಲು."