ಗುಳಿಗೆಯ ಮುಯ್ಯಿ

ಆ ಊರಿನಲ್ಲಿ ಈಗ ನೀರೆಂದರೆ ಮನುಷ್ಯರ ಮೈಯೊಳಗಿನ ನೀರು ಮಾತ್ರ. ಮೇಲೋಣಿಯವರ ಕುಡಿಯುವ ನೀರಿಗಾಗಿ ಕೆಳಗೇರಿಯ ಹೆಂಗಸರು ದಿನಾ ಟಾಕಿಯ ಮುಂದೆ ನಿಂತು, ಮೂತ್ರ ಹೆಚ್ಚಿಸುವ ಗುಳಿಗೆ ನುಂಗಬೇಕಿತ್ತು. ಆ ಮೂತ್ರವನ್ನೇ ಟಾಕಿಯಲ್ಲಿ ಸೋಸಿ ನೀರು ಮಾಡುತ್ತಿದ್ದರು. ನುಂಗಿದವರ ಮನೆಗಷ್ಟೇ ಒಂದು ಕೊಡ ನೀರು.

ಮೂತ್ರದ ಜೊತೆ ರಕ್ತದ ಪೊಟ್ಯಾಸಿಯಂ ಕೂಡ ಸೋರಿಹೋಗಿ ಕಾಲು ಸೆಟೆಯುತ್ತಿದ್ದವು, ಎದೆಬಡಿತ ಎಡವುತ್ತಿತ್ತು. ಅದನ್ನು ತುಂಬಿಕೊಡುವ ಬಾಳೆಹಣ್ಣು, ಎಳನೀರು ಮೇಲೋಣಿ ದಾಟಿ ಕೆಳಗೆ ಬರುತ್ತಿರಲಿಲ್ಲ. ಹಾಗಾಗಿ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗಿ ಹೋಗುತ್ತಿದ್ದ ಹಳೆಯ ಮುಯ್ಯಿಯನ್ನು ಹೆಂಗಸರು ಗುಳಿಗೆಗೂ ತಂದಿದ್ದರು. ಒಬ್ಬಳ ಎದೆ ಎಡವಿದರೆ ಅವಳ ಗುಳಿಗೆಯನ್ನು ಇನ್ನೊಬ್ಬಳು ನುಂಗುವುದು.

ಇಂದು ಮುಯ್ಯಿ ತೀರಿಸುವ ಸರದಿ ಹುಲಿಗೆಮ್ಮಳದು. ಅವಳ ಮೀನಖಂಡಗಳೂ ಹಿಡಿದುಕೊಂಡಿದ್ದವು. ಪಕ್ಕದಲ್ಲಿ ನೆಗೆಣ್ಣಿ ಶರಣಮ್ಮ ಗೋಡೆಗೆ ಒರಗಿದ್ದಳು.

“ತಾ ಅಕ್ಕ, ನಿಂದೂ ನಾನಽ ನುಂಗತೀನಿ,” ಅಂದಳು ಹುಲಿಗೆಮ್ಮ.

“ನಿನ್ನ ಮಾರಿ ನೋಡಕೊಂಡಿಯೇನ? ಎರಡು ನುಂಗಿದ್ರ ನಿನ್ನ ಹೊರೋರು ಯಾರು?”

“ನೀನಽ ಹೊರು. ಆಗ ಮುಯ್ಯಿ ನಿಂದಾಗತೈತಿ,” ಎಂದು ಹುಲಿಗೆಮ್ಮ ಅವಳ ಗುಳಿಗೆಯನ್ನೂ ಇಸಿದುಕೊಂಡಳು.

ನಗಲು ಹೋದ ಶರಣಮ್ಮ ಎದೆ ಹಿಡಿದು ಅಲ್ಲೇ ಕುಸಿದು ಕೂತಳು.

ಟಾಕಿ ಕಾಯುವವನು ಕೂಗಿದ: “ಲಗೂ ನುಂಗ್ರಬೇ, ಮ್ಯಾಲೆ ಸಾಹೇಬ್ರ ಜಳಕ ನಿಂತೈತಿ.”

ಕುಡಿಯುವ ನೀರೆಂದು ನಂಬಿ ಇಷ್ಟು ವರ್ಷ ನುಂಗಿದ್ದಳು ಹುಲಿಗೆಮ್ಮ. ಈಗ ಸಿಟ್ಟಾಗಲೂ ಮೈಯಲ್ಲಿ ಕಸುವಿರಲಿಲ್ಲ. ಅಂಗೈಯಲ್ಲಿದ್ದ ಎರಡೂ ಗುಳಿಗೆಗಳನ್ನು ಅವನ ಮೇಜಿನ ಮೇಲಿಟ್ಟು, ಶರಣಮ್ಮಳ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು.

“ಇವನ್ನ ಮ್ಯಾಲೆ ಕಳಸಪ್ಪ,” ಅಂದಳು. “ಮುಯ್ಯಿ ಈಗ ಅವರದೈತಿ.”