ಚೀಲದೊಳಗಿನ ಹೂಜಿ

ಆ ಬೆಳಿಗ್ಗೆ ಹಿಮ ಅರ್ಧ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಾಗಿತ್ತು. ಮೂಳೆ ಮುರಿದುಕೊಳ್ಳಲು ಹೇಳಿ ಮಾಡಿಸಿದ ದಿನ. ಕೂಡಿಸುವವಳು ಮಾತ್ರ ಪರೀಕ್ಷೆಗೆ ಕೂತಿದ್ದಳು.

ನಲವತ್ತು ವರ್ಷದಿಂದ ಮೂಳೆ ಕೂಡಿಸುತ್ತಿದ್ದ, ಊರಿಗೆಲ್ಲ ಹಿರಿಯಮ್ಮನಾದ ಬುರುಲ್ಚಾ ಆಪಾಳಿಗೆ ಹೊಸ ಕಾನೂನು ಹೇಳಿತ್ತು: ಪರವಾನಗಿಯಿಲ್ಲದೆ ಯಾರ ಮೈ ಮುಟ್ಟಿದರೂ ಅಪರಾಧ. ಹೊರಗೆ ಬೆಂಚಿನ ಮೇಲೆ ಕುರಿಗಾಹಿ ಜುಮಗುಲ್ ಊದಿದ ಮಣಿಕಟ್ಟು ಹಿಡಿದು ಕಾಯುತ್ತಿದ್ದಳು. ಆಸ್ಪತ್ರೆ ಬೆಟ್ಟದಾಚೆ, ದಾರಿ ಹಿಮದಡಿ. ಜಿಲ್ಲೆಯ ಏಕೈಕ ಪರವಾನಗಿದಾರನೆಂದರೆ ಪರೀಕ್ಷಾ ಮಂಡಳಿಯ ಅಧ್ಯಕ್ಷ ಎಸೆನ್‌ಕುಲರ ಭಾವಮೈದ. ಹತ್ತು ದಿನದ ತರಬೇತಿ ಮುಗಿಸಿದ್ದ. ಮೂಳೆಯನ್ನು ಈವರೆಗೆ ಸಾರಿನಲ್ಲಷ್ಟೇ ಕಂಡಿದ್ದ.

"ಯಾರು ಕಲಿಸಿದ್ದು, ಆಪಾ?" ಎಸೆನ್‌ಕುಲ್ ಕೇಳಿದರು.

"ನಮ್ಮಜ್ಜಿ."

"ಅವರ ಪ್ರಮಾಣಪತ್ರ?"

"ಅವಳ ಹತ್ರಾನೇ ಇರ್ಬೇಕು. ಗುಡ್ಡದ ಮೇಲೆ ಗೋರೀಲಿದ್ದಾಳೆ, ಕೇಳ್ಕೊಂಡು ಬಾ ಮಗಾ."

ಮಂಡಳಿಯ ಸದಸ್ಯರಿಬ್ಬರಿಗೂ ಒಟ್ಟಿಗೇ ಕೆಮ್ಮು ಬಂತು.

ಉಳಿದದ್ದು ಹಳೆಯ ಪರೀಕ್ಷೆ. ಹೂಜಿ ಒಡೆದು, ಚೂರುಗಳನ್ನು ಚೀಲಕ್ಕೆ ಹಾಕಿ ಬಾಯಿ ಬಿಗಿಯಬೇಕು. ಹೊರಗಿನಿಂದಲೇ ತಡವಿ ಜೋಡಿಸಬೇಕು. ಹಿಂದೆ ಗುರು ಶಿಷ್ಯನಿಗೆ ಒಡ್ಡುತ್ತಿದ್ದ ಪರೀಕ್ಷೆ. ಈಗ ಸರ್ಕಾರ ಅದಕ್ಕೆ ಮೂರು ಪ್ರತಿ ಅರ್ಜಿ ಸೇರಿಸಿತ್ತು.

ಎಸೆನ್‌ಕುಲ್ ಹೂಜಿಯನ್ನು ತಾವೇ ಒಡೆದರು. ದೊಡ್ಡ ಮನುಷ್ಯ, ಮಂಡಿಯೂರಿ ಚೂರುಗಳನ್ನೂ ತಾವೇ ಆಯ್ದು ಚೀಲಕ್ಕೆ ತುಂಬಿ ಬಾಯಿ ಬಿಗಿದರು, ಯಾರಿಗೂ ತೊಂದರೆ ಕೊಡಲಿಲ್ಲ. ಕರವಸ್ತ್ರದಲ್ಲಿ ಕೈ ಒರೆಸಿ, ಮಡಚಿ ಜೇಬಿಗಿಟ್ಟರು.

ಆಪಾ ಕಣ್ಣು ಮುಚ್ಚಿದಳು. "ಬಿಸ್ಮಿಲ್ಲಾ. ಈ ಕೈ ನನ್ನದಲ್ಲ, ನಮ್ಮನ್ನ ಕಾಯೋ ದೇವತೆ ಉಮಾಯ್ ತಾಯಿಯದು."

"ಹಾಗಾದ್ರೆ ಅರ್ಜೀನೂ ಆ ತಾಯೀನೇ ಹಾಕ್ಬೇಕಿತ್ತಲ್ಲ, ಆಪಾ?"

"ಅವಳಿಗೆ ನಿನ್ನ ಹತ್ರ ಏನೂ ಕೆಲಸ ಇಲ್ಲ ಮಗಾ. ನಿನಗೇ ಅವಳ ಹತ್ರ ಬೀಳತ್ತೆ."

ಬೆರಳುಗಳು ಚೀಲದ ಮೇಲೆ ಜಪಮಣಿ ಎಣಿಸುವಂತೆ ನಡೆದವು. ತಳ ಸೇರಿತು, ಹೊಟ್ಟೆ ತುಂಬಿತು, ಕತ್ತು ನಿಂತಿತು. ಒಂದೆಡೆ ಹೆಬ್ಬೆರಳು ಹೋಗಿ ಹಿಂದೆ ಬಂತು, ಮತ್ತೆ ಹೋಯಿತು. ಎಸೆನ್‌ಕುಲ್ ಪೆನ್ನಿನ ಮುಚ್ಚಳ ತೆಗೆದು 'ಅನುತ್ತೀರ್ಣ' ಎಂದು ಬರೆಯತೊಡಗಿದರು.

"ಆಯ್ತು," ಆಪಾ ಕಣ್ಣು ತೆರೆದಳು. "ಹೂಜಿ ಪೂರ್ತಿ ಇದೆ. ಒಂದು ಚೂರೂ ಕಮ್ಮಿ ಇಲ್ಲ."

"ಸುಳ್ಳು!" ಅಧ್ಯಕ್ಷರು ಧಡಕ್ಕನೆ ಎದ್ದರು. "ಹೊಟ್ಟೆ ಹತ್ರ ಒಂದು ಚೂರು ಇಲ್ವೇ ಇಲ್ಲ!"

ಚೀಲದ ಬಾಯಿ ಇನ್ನೂ ಬಿಗಿದೇ ಇತ್ತು. ಸದಸ್ಯರಿಬ್ಬರೂ ಮೊದಲು ಅದನ್ನು ನೋಡಿದರು, ಆಮೇಲೆ ಅಧ್ಯಕ್ಷರನ್ನು.

"ಹೌದು, ಇಲ್ಲ," ಎಂದಳು ಆಪಾ ಮೆಲ್ಲಗೆ. "ಅಜ್ಜಿ ಕಲಿಸಿದ್ದು ಇಷ್ಟೇ ಮಗಾ. ಒತ್ತಿ ನೋಡು; ಎಲ್ಲಿ ಕೂಗ್ತಾರೋ ಅಲ್ಲೇ ಮುರಿದಿರೋದು."

ಎಸೆನ್‌ಕುಲ್ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿ, ಅದರೊಳಗಿದ್ದ ಚೂರನ್ನು ಅವಳ ಅಂಗೈಗಿಟ್ಟರು.